ಎರಡನೇ ಮಗುವಿಗೇ ಹಲ್ಲಿನ ಪೆಟ್ಟು ಜಾಸ್ತಿ ಆಗುತ್ತದಾ? ದೊಡ್ಡವಳಿಗೆ ಬೈಯುವ ಮುಂಚೆ ಸ್ವಲ್ಪ ಮಾತಾಡೋಣ

ಕ್ಯಾತ್ಸಂದ್ರದ ಅಮ್ಮ

ಎಲ್ಲರಿಗೂ ನಮಸ್ಕಾರ. ನನಗೆ ಇಬ್ಬರು ಮಕ್ಕಳು. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ಹೋದ ವಾರ ಮಗ ಅಕ್ಕನ ಹಿಂದೆ ಓಡುತ್ತಾ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಮುಗ್ಗರಿಸಿಬಿದ್ದ. ಮೇಲಿನ ಮುಂದಿನ ಹಲ್ಲು ಅರ್ಧ ಒಸಡಿನೊಳಗೆ ಹೋಗಿಬಿಟ್ಟಿದೆ. ರಕ್ತ ನೋಡಿ ಮನೆಯವರೆಲ್ಲ ಗಾಬರಿ. ಡಾಕ್ಟರ್ ಹತ್ತಿರ ಹೋಗಿ ಬಂದೆವು, ಎಕ್ಸ್‌ರೇ ತೆಗೆದರು, ಈಗ ಏನೂ ಮಾಡುವುದು ಬೇಡ, ಕಾಯೋಣ ಅಂದರು.

ನನ್ನ ಪ್ರಶ್ನೆ ಬೇರೆ. ನೋಡಲು ಬಂದವರೆಲ್ಲ ಎರಡೇ ಮಾತು ಹೇಳುತ್ತಾರೆ. ಒಂದು, "ಎರಡನೇದು ಯಾವಾಗಲೂ ಹೀಗೇ, ಬಿದ್ದೂ ಎದ್ದೂ ಬೆಳೆಯುತ್ತೆ." ಇನ್ನೊಂದು ಮಗಳ ಕಡೆ ತಿರುಗಿ, "ನೀನು ದೊಡ್ಡವಳಲ್ವಾ, ನೋಡ್ಕೋಬಾರದಾಗಿತ್ತಾ?" ಅವಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ತಮ್ಮ ನಕ್ಕಾಗ ಅವನ ಬಾಯಿ ಕಡೆ ನೋಡುವುದೇ ಇಲ್ಲ.

ಎಷ್ಟನೇ ಮಗು ಅನ್ನುವುದಕ್ಕೂ ಹಲ್ಲಿಗೆ ಏಟಾಗುವುದಕ್ಕೂ ನಿಜವಾಗಿ ಸಂಬಂಧ ಇದೆಯಾ? ಇದ್ದರೆ ಯಾಕೆ? ಗೊತ್ತಿರುವವರು ದಯವಿಟ್ಟು ಹೇಳಿ. ಸುಮ್ನೆ ಸಮಾಧಾನ ಬೇಡ.

ಮುಳಬಾಗಿಲು ಮಾವಿನತೋಟ

ಸಂಬಂಧ ಇದೆ ಅಂತಲೇ ನಾನು ಹೇಳುತ್ತೇನೆ. ನಾವು ಐದು ಜನ, ನಾನು ಕಡೆಯವನು. ಅಣ್ಣಂದಿರು ಮರ ಹತ್ತಿದರೆ ನಾನೂ ಹತ್ತಬೇಕು, ಅವರು ಬಂಡೆ ಮೇಲಿಂದ ಜಾರಿದರೆ ನಾನೂ ಜಾರಬೇಕು. ಅವರ ಕಾಲು ಉದ್ದ, ನನ್ನದು ಗಿಡ್ಡ. ನನ್ನ ಮುಂದಿನ ಹಲ್ಲು ಮುರಿದಿದ್ದು ಊರಿನ ಬೋರ್‌ವೆಲ್ ಕೈಪಂಪಿನಿಂದ. ಅಣ್ಣ ಹಿಡಿಯನ್ನು ಕೆಳಗೆ ಒತ್ತಿ ಬಿಟ್ಟ, ನಾನು ಬಗ್ಗಿ ಬಾಯಿಟ್ಟು ನೀರು ಕುಡಿಯಲು ಹೋದೆ, ಹಿಡಿ ಮೇಲಕ್ಕೆ ಚಿಮ್ಮಿ ಬಾಯಿಗೇ ಬಡಿಯಿತು. ಈಗಲೂ ನಮ್ಮ ಕಡೆ ಹಳ್ಳಿಗಳಲ್ಲಿ ಆ ಪಂಪುಗಳಿವೆ. ಮಕ್ಕಳು ಬಾಯಿಟ್ಟು ಕುಡಿಯುವುದನ್ನು ಕಂಡರೆ ನನಗೆ ನಿಂತಲ್ಲಿ ನಿಲ್ಲಲು ಆಗಲ್ಲ, ಹೋಗಿ ಪಂಪಿನ ಹಿಡಿ ಹಿಡಿದುಕೊಳ್ಳುತ್ತೇನೆ.

ಬಂಗಾರಪೇಟೆ ಭಾರತಿ

ನಮ್ಮ ಮನೆಯಲ್ಲಿ ಉಲ್ಟಾ. ಚೊಚ್ಚಲ ಮಗನಿಗೇ ಆಗಿದ್ದು, ಎರಡನೆಯವಳಿಗೆ ಒಂದು ಗೀರೂ ಇಲ್ಲ. ಅವನನ್ನು ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದರು ಅವರಪ್ಪ. ನಾಯಿ ಅಡ್ಡ ಬಂತು, ಬ್ರೇಕ್ ಹಾಕಿದರು, ಮಗುವಿನ ಬಾಯಿ ಸ್ಪೀಡೋಮೀಟರ್‌ಗೆ ಬಡಿಯಿತು. ಗಾಡಿ ಬೀಳಲೂ ಇಲ್ಲ, ಜೋರಾಗೂ ಹೋಗುತ್ತಿರಲಿಲ್ಲ. ಒಂದೇ ಮಗು ಇದ್ದಾಗ ಎಲ್ಲಿಗೆ ಹೋದರೂ ಮುಂದೆ ನಿಲ್ಲಿಸಿಕೊಂಡು ಹೋಗುವುದೇ ಅಭ್ಯಾಸ ಆಗಿರುತ್ತದೆ. ಹಾಗಾಗಿ ಎರಡನೆಯದಕ್ಕೇ ಜಾಸ್ತಿ ಅನ್ನುವುದನ್ನು ನಾನು ಒಪ್ಪಲ್ಲ.

ಹಲ್ಲಿನ ಡಾಕ್ಟರ್, ತುಮಕೂರು

ಕ್ಯಾತ್ಸಂದ್ರದ ಅಮ್ಮ, ಕೇಳಿದ್ದು ಒಳ್ಳೆಯದಾಯಿತು. ನಾನು ದಿನಾ ಮಕ್ಕಳ ಹಲ್ಲು ನೋಡುವವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ವಿಷಯ. ಹಲ್ಲಿಗೆ ಪೆಟ್ಟಾಗುವುದು ಅಪರೂಪ ಅಲ್ಲ. 2018ರಲ್ಲಿ ಪ್ರಪಂಚದ ಎಷ್ಟೋ ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದರು. ಹಾಲುಹಲ್ಲಿಗೆ ಏಟಾದ ಮಕ್ಕಳು ನೂರಕ್ಕೆ ಸುಮಾರು 23, ಶಾಶ್ವತ ಹಲ್ಲಿಗೆ ಏಟಾದವರು ನೂರಕ್ಕೆ ಸುಮಾರು 15. ಈಗ ಬದುಕಿರುವವರಲ್ಲಿ 100 ಕೋಟಿಗೂ ಹೆಚ್ಚು ಜನರಿಗೆ ಒಮ್ಮೆಯಾದರೂ ಹಲ್ಲಿಗೆ ಪೆಟ್ಟಾಗಿದೆ ಅನ್ನುತ್ತದೆ ಆ ಲೆಕ್ಕ. ಜಾಸ್ತಿ ಏಟು ತಿನ್ನುವುದು ಮೇಲಿನ ಎರಡು ಮುಂದಿನ ಹಲ್ಲುಗಳು. ಹುಡುಗಿಯರಿಗಿಂತ ಹುಡುಗರಿಗೆ ಜಾಸ್ತಿ. ಹಲ್ಲು ಮುಂದಕ್ಕೆ ಉಬ್ಬಿದ್ದು, ಬಾಯಿ ಮುಚ್ಚಿದಾಗಲೂ ತುಟಿ ಅದನ್ನು ಪೂರ್ತಿ ಮುಚ್ಚದಿದ್ದರೆ ಇನ್ನೂ ಜಾಸ್ತಿ.

ಈಗ ಎಷ್ಟನೇ ಮಗು ಅನ್ನುವ ಪ್ರಶ್ನೆ. ಹಲ್ಲಿನ ವಿಷಯದಲ್ಲೇ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ಕಡೆ ಆಮೇಲೆ ಹುಟ್ಟಿದವರಿಗೆ ಜಾಸ್ತಿ ಅಂತ ಬಂದಿದೆ, ಕೆಲವು ಕಡೆ ವ್ಯತ್ಯಾಸವೇ ಕಂಡಿಲ್ಲ. ಹಲ್ಲು ಬಿಟ್ಟು ಒಟ್ಟು ಗಾಯಗಳನ್ನು ನೋಡಿದರೆ ಚಿತ್ರ ಸ್ವಲ್ಪ ಸ್ಪಷ್ಟ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಣ್ಣನೋ ಅಕ್ಕನೋ ಇರುವ ಚಿಕ್ಕ ಮಕ್ಕಳು ಗಾಯವಾಗಿ ಆಸ್ಪತ್ರೆ ಸೇರುವುದು ಜಾಸ್ತಿ ಇತ್ತು. ಇಬ್ಬರ ನಡುವಿನ ಅಂತರ ಕಡಿಮೆ ಆದಷ್ಟೂ ಅಪಾಯ ಹೆಚ್ಚಿತ್ತು.

ಆದರೆ ಎರಡನೆಯವನಾಗಿ ಹುಟ್ಟಿದ ಅಂತ ಯಾರ ಹಲ್ಲೂ ಮೆತ್ತಗಾಗುವುದಿಲ್ಲ. ಎರಡನೆಯವನು ಹುಟ್ಟುವ ಹೊತ್ತಿಗೆ ಮನೆ ಬದಲಾಗಿರುತ್ತದೆ, ಅಷ್ಟೇ. ಅಮ್ಮನ ಕಣ್ಣು ಇಬ್ಬರ ಮೇಲೆ ಹಂಚಿಹೋಗಿರುತ್ತದೆ. ಮನೆಯಲ್ಲಿ ದೊಡ್ಡ ಮಗುವಿನ ಸೈಕಲ್ ಇರುತ್ತದೆ, ಬ್ಯಾಟ್ ಇರುತ್ತದೆ. ಮುಳಬಾಗಿಲಿನವರು ಹೇಳಿದ ಹಾಗೆ ಚಿಕ್ಕದು ದೊಡ್ಡದರ ಆಟವನ್ನೇ ಆಡಲು ಹೋಗುತ್ತದೆ.

ಬಂಗಾರಪೇಟೆಯವರ ಮಾತನ್ನೂ ತಳ್ಳಿಹಾಕುವ ಹಾಗಿಲ್ಲ. ಮೊದಲನೇ ಮಗುವಿಗೆ ತುಟಿ ಸೀಳಿದರೂ ಆಸ್ಪತ್ರೆಗೆ ಓಡಿಬರುತ್ತಾರೆ. ಮೂರನೆಯದಕ್ಕೆ ಹಲ್ಲಿನ ಚೂರು ಹಾರಿದರೂ "ಹಾಲುಹಲ್ಲು ತಾನೇ" ಅಂತ ಬಿಡುತ್ತಾರೆ. ಹಾಗಾಗಿ ಬರೀ ಆಸ್ಪತ್ರೆಯ ಪುಸ್ತಕ ನೋಡಿ ಲೆಕ್ಕ ಹಾಕಿದರೆ ನಿಜ ಸಿಗುವುದಿಲ್ಲ.

ಇನ್ನೊಂದು ಇದೆ, ಇದನ್ನು ನೀವು ನಿಮ್ಮ ಮನೆಯವರಿಗೆ ಓದಿ ಹೇಳಬೇಕು. ಹಾಲುಹಲ್ಲಿಗೆ ಏಟು ಬೀಳುವುದು ಎರಡು-ಮೂರು ವರ್ಷದಲ್ಲಿ ಅತಿ ಜಾಸ್ತಿ, ಆಗ ತಾನೇ ಓಡಲು ಕಲಿತಿರುತ್ತಾರೆ. ಶಾಶ್ವತ ಹಲ್ಲಿಗೆ ಎಂಟರಿಂದ ಹನ್ನೆರಡರವರೆಗೆ ಜಾಸ್ತಿ. ನಿಮ್ಮ ಮಗನಿಗೆ ಮೂರು, ಮಗಳಿಗೆ ಎಂಟು. ಅಂದರೆ ಅಪಾಯದ ವಯಸ್ಸಿನಲ್ಲಿ ನಿಮ್ಮ ಮನೆಯಲ್ಲಿ ಒಬ್ಬರಲ್ಲ, ಇಬ್ಬರಿದ್ದಾರೆ. ಯಾರನ್ನು "ನೋಡ್ಕೋ" ಅಂತ ಬಿಟ್ಟಿದ್ದರೋ ಅವಳನ್ನೂ ಯಾರಾದರೂ ನೋಡಿಕೊಳ್ಳಬೇಕಾದ ವಯಸ್ಸೇ ಅದು.

ಅಂಗನವಾಡಿ ಟೀಚರ್, ಕೊರಟಗೆರೆ

ಡಾಕ್ಟರ್ ಮೇಡಂ ಕಡೆಯಲ್ಲಿ ಹೇಳಿದ್ದು ಓದಿ ಕಣ್ಣು ತುಂಬಿತು. ನಾನು ದಿನಾ ನೋಡುತ್ತೇನೆ. ಮಗುವನ್ನು ಕರೆದುಕೊಂಡು ಹೋಗಲು ಬರುವುದು ಅಮ್ಮ ಅಲ್ಲ, ಎರಡನೇ ಕ್ಲಾಸೋ ಮೂರನೇ ಕ್ಲಾಸೋ ಓದುವ ಅಕ್ಕ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗಿರುತ್ತಾಳೆ, ಇಲ್ಲಾ ಹೊಲಕ್ಕೆ. ಆ ಹುಡುಗಿ ತನ್ನ ಸ್ಕೂಲ್ ಬ್ಯಾಗ್ ಬೆನ್ನಿಗೆ ಹಾಕಿಕೊಂಡು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತದೆ. ಆ ತೂಕಕ್ಕೆ ಮೈ ಒಂದು ಕಡೆ ವಾಲಿರುತ್ತದೆ. ಕಾಲು ಎಡವಿದರೆ ಇಬ್ಬರೂ ಬೀಳುತ್ತಾರೆ, ಕೈ ಖಾಲಿ ಇಲ್ಲದ್ದರಿಂದ ಅವಳಿಗೆ ಮುಖ ಉಳಿಸಿಕೊಳ್ಳಲೂ ಆಗಲ್ಲ. ಕೊನೆಗೆ ಮನೆಯಲ್ಲಿ ಬೈಗುಳ ಯಾರಿಗೆ? ಅವಳಿಗೇ.

ಎಷ್ಟನೇ ಮಗು ಅನ್ನುವುದಕ್ಕಿಂತ, ಮಗು ಬಿದ್ದ ಹೊತ್ತಿಗೆ ಹತ್ತಿರ ಇದ್ದವರ ವಯಸ್ಸೆಷ್ಟು ಅಂತ ಕೇಳಬೇಕು. ನಮ್ಮ ಕಡೆ ಅದೇ ಮುಖ್ಯ.

ವಾಕರ್ ಬಗ್ಗೆಯೂ ಹೇಳಿಬಿಡುತ್ತೇನೆ. ಗಾಲಿ ಇರುವ ವಾಕರ್‌ನಲ್ಲಿ ಮಗುವನ್ನು ಕೂರಿಸಿ ದೊಡ್ಡ ಮಗು ತಳ್ಳುವುದು ಎಲ್ಲಾ ಮನೆಯಲ್ಲೂ ಆಟ. ಹೊಸ್ತಿಲಿಗೆ ತಾಗಿತು ಅಂದರೆ ಮುಖ ಅಡಿಯಾಗಿ ಬೀಳುತ್ತದೆ. ಕೆನಡಾದಲ್ಲಿ 2004ರಲ್ಲೇ ಇದರ ಮಾರಾಟ ನಿಲ್ಲಿಸಿದ್ದಾರೆ. ನಾನು ತಾಯಂದಿರ ಸಭೆಯಲ್ಲಿ ಪ್ರತಿ ಸಲ ಹೇಳುತ್ತೇನೆ, ಆದರೂ ಹೆಸರಿಡುವ ದಿನ ಯಾರಾದರೊಬ್ಬರು ಅದನ್ನೇ ಉಡುಗೊರೆ ತರುತ್ತಾರೆ.

ಕ್ಯಾತ್ಸಂದ್ರದ ಅಮ್ಮ

ಡಾಕ್ಟರ್ ಮೇಡಂ, ನೀವು ಬರೆದಿದ್ದನ್ನು ನಮ್ಮ ಅತ್ತೆಗೆ ಪೂರ್ತಿ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ, ಆದರೆ ಸಂಜೆ ಮಗಳನ್ನು ಹತ್ತಿರ ಕೂರಿಸಿಕೊಂಡು ತಲೆ ಬಾಚಿದರು. ಟೀಚರ್‌ಗೂ ತುಂಬಾ ಥ್ಯಾಂಕ್ಸ್.

ಇನ್ನೊಂದು ಕೇಳಬೇಕು. ಒಳಗೆ ಹೋದ ಹಾಲುಹಲ್ಲು ತಾನಾಗಿ ಕೆಳಗೆ ಬರುತ್ತದಾ? ಮುಂದೆ ಬರುವ ಹಲ್ಲಿಗೆ ಏನಾದರೂ ತೊಂದರೆ ಇದೆಯಾ?

ಹಲ್ಲಿನ ಡಾಕ್ಟರ್, ತುಮಕೂರು

ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ. ಹೆಚ್ಚಿನವು ಆರು ತಿಂಗಳೊಳಗೆ ಕೆಳಗಿಳಿಯುತ್ತವೆ, ಕೆಲವಕ್ಕೆ ಒಂದು ವರ್ಷ ಬೇಕಾಗಬಹುದು. ಎಳೆಯಲು ಹೋಗಬೇಡಿ, ಬೆರಳಿನಿಂದ ಅಲ್ಲಾಡಿಸಿ ನೋಡಬೇಡಿ. ಕೆಲವು ದಿನ ಮೆತ್ತಗಿನ ಊಟ ಕೊಡಿ. ಊಟ ಆದಮೇಲೆ ಮೆತ್ತನೆ ಬ್ರಷ್‌ನಿಂದ ಸ್ವಚ್ಛ ಮಾಡಿ. ಇಲ್ಲಾ ಡಾಕ್ಟರ್ ಹೇಳಿದ ಔಷಧಿಯಲ್ಲಿ ಹತ್ತಿ ಅದ್ದಿ ಒರೆಸಿ. ಮಧ್ಯೆ ಹಲ್ಲು ಬೂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಬಣ್ಣ ಒಂದಕ್ಕೇ ಚಿಕಿತ್ಸೆ ಬೇಕಿಲ್ಲ. ಒಸಡಿನ ಮೇಲೆ ಮೊಡವೆ ಥರ ಕೀವಿನ ಗುಳ್ಳೆ ಬಂದರೆ, ಊದಿಕೊಂಡರೆ, ಜ್ವರ ಬಂದರೆ ಆ ದಿನವೇ ಹೋಗಿ.

ಹೊಸ ಹಲ್ಲಿನ ವಿಷಯ. ಹಾಲುಹಲ್ಲಿನ ಬೇರಿನ ಹಿಂದೆಯೇ, ತೀರಾ ಹತ್ತಿರದಲ್ಲಿ, ಶಾಶ್ವತ ಹಲ್ಲಿನ ಮೊಳಕೆ ಕೂತಿರುತ್ತದೆ. ಮೂರು ವರ್ಷಕ್ಕೆ ಅದರ ಹೊರಗಿನ ಗಟ್ಟಿ ಪದರ ಇನ್ನೂ ಕಟ್ಟಿಕೊಳ್ಳುತ್ತಾ ಇರುತ್ತದೆ. ಹಾಲುಹಲ್ಲು ಒಳಗೆ ನುಗ್ಗಿದಾಗ ಆ ಮೊಳಕೆಗೆ ತಾಗಿದರೆ, ಏಳು-ಎಂಟು ವರ್ಷಕ್ಕೆ ಬರುವ ಹಲ್ಲಿನ ಮೇಲೆ ಬಿಳಿ ಅಥವಾ ಹಳದಿ-ಕಂದು ಮಚ್ಚೆ ಕಾಣಬಹುದು. ಎಲ್ಲರಿಗೂ ಆಗುವುದಿಲ್ಲ, ಒಂದು ವೇಳೆ ಆದರೆ ಸರಿಮಾಡಲು ದಾರಿ ಇದೆ. ಒಂದು ವಾರಕ್ಕೆ, ಆಮೇಲೆ ಆರರಿಂದ ಎಂಟು ವಾರಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ತೋರಿಸಿ. ಆರು ವರ್ಷ ತುಂಬಿದಾಗ ಇನ್ನೊಮ್ಮೆ ತೋರಿಸಿ. ಈ ಕೊನೆಯದನ್ನು ಎಲ್ಲರೂ ಮರೆತುಬಿಡುತ್ತಾರೆ.

ಪಿಟಿ ಮೇಷ್ಟ್ರು, ಗೌರಿಬಿದನೂರು

ದೊಡ್ಡ ಮಕ್ಕಳ ವಿಷಯವೂ ಬರಲಿ. ನನ್ನ ಹತ್ತಿರ ಬರುವುದೆಲ್ಲ ಹೊಸ ಹಲ್ಲಿನ ಮಕ್ಕಳು. ಖೋಖೋದಲ್ಲಿ ಕಂಬಕ್ಕೆ ಬಡಿದುಕೊಳ್ಳುತ್ತಾರೆ, ಕಬಡ್ಡಿಯಲ್ಲಿ ಎದುರಿನವನ ಮೊಣಕೈ ಬಾಯಿಗೆ ಬೀಳುತ್ತದೆ. ನಮ್ಮ ಸಂಬಂಧಿಕರ ಹುಡುಗನೊಬ್ಬನ ಕಥೆ ಹೇಳುತ್ತೇನೆ, ಎಲ್ಲರಿಗೂ ಗೊತ್ತಾಗಬೇಕು. ಒಂಬತ್ತು ವರ್ಷದವನು. ಅಣ್ಣನ ಜೊತೆ ಕ್ರಿಕೆಟ್ ಆಡುವಾಗ ಬ್ಯಾಟ್ ತಾಗಿ ಮುಂದಿನ ಹಲ್ಲು ಬೇರುಸಮೇತ ಬಿತ್ತು, ಎಲ್ಲೂ ಮುರಿಯದೆ ಇಡಿಯಾಗಿ. ಅವರ ಅಜ್ಜಿ ಅದನ್ನು ಎತ್ತಿಕೊಂಡು, ನಮ್ಮಲ್ಲಿ ಹಾಲುಹಲ್ಲಿಗೆ ಮಾಡುತ್ತಾರಲ್ಲ ಹಾಗೇ ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆದುಬಿಟ್ಟರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಅದು ಹಾಲುಹಲ್ಲಾಗಿರಲಿಲ್ಲ, ಇನ್ನೊಂದು ಬರುವ ಹಲ್ಲಲ್ಲ ಅದು. ಹುಡುಗ ಈಗ ಕಟ್ಟಿಸಿದ ಹಲ್ಲು ಹಾಕಿಕೊಂಡು ಓಡಾಡುತ್ತಾನೆ.

ಡಾಕ್ಟರ್ ಮೇಡಂ, ಬಿದ್ದ ಹಲ್ಲನ್ನು ಏನು ಮಾಡಬೇಕು ಅಂತ ಬಿಡಿಸಿ ಹೇಳಿ. ನಮ್ಮ ಸ್ಕೂಲಿನಲ್ಲಿ ಬರೆದು ಹಾಕುತ್ತೇನೆ.

ತಿಪಟೂರು ತೆಂಗು

ಎಳನೀರಿನಲ್ಲಿ ಹಾಕಿಟ್ಟರೆ ಸಾಕು ಅಂತ ಎಲ್ಲೋ ಓದಿದ್ದೆ. ನಮ್ಮ ಕಡೆ ಎಳನೀರಿಗೇನೂ ಬರ ಇಲ್ಲ. ಇದು ನಿಜಾನಾ?

ಹಲ್ಲಿನ ಡಾಕ್ಟರ್, ತುಮಕೂರು

ಮೇಷ್ಟ್ರೇ, ಆ ಅಜ್ಜಿಯನ್ನು ಬೈಯುವ ಹಾಗಿಲ್ಲ, ಯಾರೂ ಅವರಿಗೆ ಹೇಳಿರಲಿಲ್ಲ. ಆದರೆ ಆ ಹಲ್ಲು ಉಳಿಯುವ ಸಾಧ್ಯತೆ ಇತ್ತು, ಅದು ನಿಜ.

ಹಾಲುಹಲ್ಲು ಬೇರುಸಮೇತ ಬಿದ್ದರೆ ವಾಪಸ್ ಕೂರಿಸಬಾರದು, ಒಳಗಿನ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಹಾಗಂತ ಹಲ್ಲನ್ನು ಎಸೆಯಬೇಡಿ, ಡಾಕ್ಟರ್‌ಗೆ ತೋರಿಸಿ. ಪೂರ್ತಿ ಹಲ್ಲು ಹೊರಗೆ ಬಂದಿದೆಯಾ, ಒಳಗೆ ಮುರಿದು ಉಳಿದಿದೆಯಾ ಅಂತ ಅದರಿಂದ ಗೊತ್ತಾಗುತ್ತದೆ. ಹಲ್ಲು ಸಿಗಲೇ ಇಲ್ಲ ಅಂದರೆ ಅದನ್ನೂ ಹೇಳಿ. ಒಸಡಿನೊಳಗೆ ಹೋಗಿರಬಹುದು, ತುಟಿಯಲ್ಲಿ ಸಿಕ್ಕಿರಬಹುದು, ಕೆಲವೊಮ್ಮೆ ಉಸಿರಿನ ಜೊತೆ ಒಳಗೆ ಹೋಗಿರುತ್ತದೆ.

ಶಾಶ್ವತ ಹಲ್ಲು ಬಿದ್ದರೆ ತಕ್ಷಣ ಹುಡುಕಿ. ಬಿಳಿ ಭಾಗ ಹಿಡಿದು ಎತ್ತಿ, ಬೇರನ್ನು ಮುಟ್ಟಬೇಡಿ. ಬೇರಿನ ಮೇಲೆ ಕಣ್ಣಿಗೆ ಕಾಣದ ಜೀವಕೋಶಗಳ ಪದರ ಇರುತ್ತದೆ, ಹಲ್ಲು ಮತ್ತೆ ಎಲುಬಿಗೆ ಅಂಟುವುದು ಅದರಿಂದಲೇ. ಮಣ್ಣಾಗಿದ್ದರೆ ಹಾಲಿನಲ್ಲಿ ಒಮ್ಮೆ ಅಲ್ಲಾಡಿಸಿ, ಇಲ್ಲಾ ನಲ್ಲಿ ನೀರಿನಲ್ಲಿ ಕೆಲವೇ ಸೆಕೆಂಡ್ ತೊಳೆಯಿರಿ. ಉಜ್ಜಬೇಡಿ, ಸೋಪು ಹಾಕಬೇಡಿ, ಅರಿಶಿನ ಬೇಡ, ಸುಣ್ಣ ಬೇಡ. ಮಗುವಿಗೆ ಎಚ್ಚರ ಇದ್ದು ಹೇಳಿದ್ದು ಕೇಳುವ ಹಾಗಿದ್ದರೆ, ಅದೇ ಗುಂಡಿಯಲ್ಲಿ, ಪಕ್ಕದ ಹಲ್ಲು ನೋಡಿಕೊಂಡು ಸರಿಯಾದ ದಿಕ್ಕಿಗೆ ಮೆಲ್ಲಗೆ ಕೂರಿಸಿ. ಕರ್ಚೀಫು ಕಚ್ಚಿಕೊಳ್ಳಲು ಹೇಳಿ ಹೊರಡಿ. ಕೈ ನಡುಗುತ್ತದೆ ಅನ್ನುವವರು ಹಲ್ಲನ್ನು ಹಾಲಿನಲ್ಲಿ ಹಾಕಿಕೊಂಡು ಬನ್ನಿ. ಹಾಲು ತಣ್ಣಗಿದ್ದರೆ ಒಳ್ಳೆಯದು, ಬಿಸಿ ಹಾಲು ಬೇಡವೇ ಬೇಡ. ಹಾಲೂ ಇಲ್ಲದಿದ್ದರೆ ಮಗು ಒಂದು ಲೋಟಕ್ಕೆ ಉಗುಳಲಿ, ಆ ಎಂಜಲಿನಲ್ಲೇ ಇಡಿ. ಪೇಪರಿನಲ್ಲೋ ಹತ್ತಿಯಲ್ಲೋ ಸುತ್ತಿಟ್ಟರೆ ಕೆಟ್ಟಿತು, ಒಣಗಿಹೋಗುತ್ತದೆ. ಹದಿನೈದು ನಿಮಿಷದೊಳಗೆ ಹಲ್ಲು ಗುಂಡಿ ಸೇರಿದರೆ ತುಂಬಾ ಒಳ್ಳೆಯದು. ಒಣಗಿಕೊಂಡು ಒಂದು ಗಂಟೆ ಕಳೆದರೆ ಆ ಜೀವಕೋಶಗಳು ಸತ್ತಿರುತ್ತವೆ. ಆಗಲೂ ತನ್ನಿ, ಬಿಸಾಡಬೇಡಿ. ಆಮೇಲೆ ಎರಡು ವಾರದ ಮಟ್ಟಿಗೆ ತಂತಿ ಹಾಕಿ ಪಕ್ಕದ ಹಲ್ಲಿಗೆ ಕಟ್ಟುತ್ತೇವೆ. ಟಿಟಿ ಇಂಜೆಕ್ಷನ್ ಬೇಕಾ ಅಂತಲೂ ನೋಡುತ್ತೇವೆ.

ತಿಪಟೂರಿನವರೇ, ಎಳನೀರಿನ ಬಗ್ಗೆ ನಮ್ಮ ದೇಶದಲ್ಲೇ ಪ್ರಯೋಗಗಳಾಗಿವೆ. ಕೆಲವರಿಗೆ ಒಳ್ಳೆಯ ಫಲಿತಾಂಶ ಬಂದಿದೆ, ಕೆಲವರಿಗೆ ಬಂದಿಲ್ಲ, ಎಳನೀರಿನಲ್ಲಿ ಸ್ವಲ್ಪ ಹುಳಿ ಅಂಶ ಇರುವುದರಿಂದ. ಹಾಲಿನ ಬಗ್ಗೆ ಆ ಅನುಮಾನ ಇಲ್ಲ. ತೋಟದ ಮಧ್ಯೆ ಇದ್ದರೂ ಹಾಲು ಸಿಕ್ಕರೆ ಹಾಲೇ.

ತಲೆಗೆ ಏಟಾಗಿ ಪ್ರಜ್ಞೆ ತಪ್ಪಿದ್ದರೆ, ವಾಂತಿ ಮಾಡಿದರೆ ಹಲ್ಲಿನ ಚಿಂತೆ ಆಮೇಲೆ, ಮೊದಲು ದೊಡ್ಡ ಆಸ್ಪತ್ರೆ. ಗದ್ದದ ಮೇಲೆ ಬಿದ್ದು ಬಾಯಿ ಸರಿಯಾಗಿ ತೆರೆಯಲು ಆಗದಿದ್ದರೆ, ಹಲ್ಲು ಕಚ್ಚಿದಾಗ ಮೊದಲಿನ ಹಾಗೆ ಕೂಡದಿದ್ದರೆ ಕಿವಿ ಹತ್ತಿರದ ದವಡೆ ಕೀಲು ಮುರಿದಿರಬಹುದು.

ಡೇರಿ ಸೆಕ್ರೆಟರಿ, ಮಾಲೂರು

ನಮ್ಮ ಕೋಲಾರ-ಚಿಕ್ಕಬಳ್ಳಾಪುರದ ಕಡೆ ಹಲ್ಲಿನ ಡಾಕ್ಟರ್ ಇಲ್ಲದ ಊರು ಬೇಕಾದಷ್ಟಿವೆ, ಹಾಲಿನ ಡೇರಿ ಇಲ್ಲದ ಊರು ಹುಡುಕಬೇಕು. ಬೆಳಿಗ್ಗೆ-ಸಂಜೆ ಹಾಲು ಹಾಕಲು ಎಲ್ಲಾ ಮನೆಯವರೂ ಬರುತ್ತಾರೆ. ಡೇರಿ ಗೋಡೆಗೆ ಈ ವಿಷಯ ಅಂಟಿಸುತ್ತೇನೆ. ಕರೆದ ಹಾಲು ನಡೆಯುತ್ತದಾ, ಪ್ಯಾಕೆಟ್ಟೇ ಬೇಕಾ ಮೇಡಂ?

ಹಲ್ಲಿನ ಡಾಕ್ಟರ್, ತುಮಕೂರು

ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು, ಫ್ರಿಜ್‌ನಲ್ಲಿದ್ದರೆ ತಣ್ಣಗೂ ಇರುತ್ತದೆ, ಹಾಗಾಗಿ ಅದೇ ಒಳ್ಳೆಯದು. ಅದು ಸಿಗದಿದ್ದರೆ ಮನೆಯಲ್ಲಿ ಕಾಯಿಸಿ ಆರಿಸಿದ ಹಾಲು. ಹುಡುಕುತ್ತಾ ಹೊತ್ತು ಕಳೆಯಬೇಡಿ. ಮೊಸರು, ಮಜ್ಜಿಗೆ ಬೇಡ, ಹುಳಿ.

ಮುಳಬಾಗಿಲು ಮಾವಿನತೋಟ

ಹಲ್ಲು ಪೂರ್ತಿ ಬೀಳದೆ ಚೂರು ಮಾತ್ರ ಮುರಿದರೆ? ನನ್ನ ಹಲ್ಲಿನ ಚೂರು ಪಂಪಿನ ಹತ್ತಿರವೇ ಬಿದ್ದಿತ್ತು, ಯಾರೂ ಎತ್ತಿಡಲಿಲ್ಲ.

ಹಲ್ಲಿನ ಡಾಕ್ಟರ್, ತುಮಕೂರು

ಚೂರು ಸಿಕ್ಕರೆ ಹಾಲಿನಲ್ಲೋ ನೀರಿನಲ್ಲೋ ಹಾಕಿ ತನ್ನಿ. ಎಷ್ಟೋ ಸಲ ಅದನ್ನೇ ಅಂಟಿಸಬಹುದು, ಬಣ್ಣವೂ ಆಕಾರವೂ ಮಗುವಿನದ್ದೇ. ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಕಂಡರೆ ನರ ಹೊರಗೆ ಬಂದಿದೆ ಅಂತ, ಅಂದೇ ಬನ್ನಿ. ಎಂಟು-ಒಂಬತ್ತು ವರ್ಷದ ಹಲ್ಲಿನ ಬೇರು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಬೇಗ ಬಂದರೆ ನರ ಉಳಿಸಿ ಬೇರು ಬೆಳೆಯಲು ಬಿಡಬಹುದು.

ಬಂಗಾರಪೇಟೆ ಭಾರತಿ

ಸ್ಕೂಟರ್ ವಿಷಯ ಯಾರೂ ಮುಂದುವರಿಸಲಿಲ್ಲ, ನಾನೇ ಹೇಳುತ್ತೇನೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಬೈಕು-ಸ್ಕೂಟರ್‌ನಲ್ಲಿ ಹೆಲ್ಮೆಟ್ ಬೇಕು, ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್ ಬೇಕು, 40 ಕಿಲೋಮೀಟರ್ ವೇಗ ಮೀರಬಾರದು ಅಂತ ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ನಮ್ಮ ರಸ್ತೆಯಲ್ಲಿ ಎಷ್ಟು ಜನ ಪಾಲಿಸುತ್ತಾರೆ ಹೇಳಿ. ಎರಡು ಮಕ್ಕಳಿದ್ದರೆ ದೊಡ್ಡದು ಮುಂದೆ ನಿಂತಿರುತ್ತದೆ, ಚಿಕ್ಕದು ಅಮ್ಮನ ತೊಡೆಯ ಮೇಲೆ. ಅಲ್ಲಿ ಅಪಾಯ ದೊಡ್ಡದಕ್ಕೇ. ಹಾಗಾಗಿ ಎಷ್ಟನೇ ಮಗು ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ ಅಂತ ಈಗಲೂ ಹೇಳುತ್ತೇನೆ. ಮನೆಯೊಳಗೆ ಚಿಕ್ಕದಕ್ಕೆ ಅಪಾಯ, ರಸ್ತೆಯಲ್ಲಿ ದೊಡ್ಡದಕ್ಕೆ.

ಹಲ್ಲಿನ ಡಾಕ್ಟರ್, ತುಮಕೂರು

ನೀವು ಹೇಳಿದ್ದು ಸರಿ ಭಾರತಿ ಅವರೇ, ನಾನೂ ಒಪ್ಪುತ್ತೇನೆ.

ಅಂಗನವಾಡಿ ಟೀಚರ್, ಕೊರಟಗೆರೆ

ನನ್ನದೊಂದು ಮನವಿ. ಈ ಹಾಲಿನ ವಿಷಯ ಅಪ್ಪ-ಅಮ್ಮಂದಿರಿಗೆ ಹೇಳಿದರೆ ಸಾಲದು, ಆ ಎಂಟು ವರ್ಷದ ಅಕ್ಕಂದಿರಿಗೂ ಹೇಳಿ. ಏಟಾದಾಗ ಅಲ್ಲಿ ಇರುವವಳು ಅವಳು. ಬೈಗುಳಕ್ಕೆ ಹೆದರಿದ ಮಗು ಮೊದಲು ಮಾಡುವ ಕೆಲಸ ಅಂದರೆ ಮುಚ್ಚಿಡುವುದು. ತಮ್ಮನ ಬಾಯಿ ತೊಳೆದು, ಅಂಗಿ ಬದಲಾಯಿಸಿ, ಹಲ್ಲನ್ನು ಎಲ್ಲೋ ಬಿಸಾಡಿ, "ಅಮ್ಮಂಗೆ ಹೇಳ್ಬೇಡ" ಅನ್ನುತ್ತಾಳೆ. ನಾನು ಕಂಡಿದ್ದೇನೆ. ಸಂಜೆ ಅಮ್ಮ ಬರುವ ಹೊತ್ತಿಗೆ ನಾಲ್ಕೈದು ಗಂಟೆ ಕಳೆದಿರುತ್ತದೆ. ಬೈಯುವುದಿಲ್ಲ ಅಂತ ಅವಳಿಗೆ ಗೊತ್ತಿದ್ದರೆ ಓಡಿಬಂದು ಹೇಳುತ್ತಾಳೆ. ಬೈಗುಳದಿಂದ ಹಲ್ಲು ಹೋಗುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಕ್ಯಾತ್ಸಂದ್ರದ ಅಮ್ಮ

ಟೀಚರ್, ನೀವು ಹೇಳಿದ್ದು ಎದೆಗೆ ತಾಗಿತು. ನಿನ್ನೆ ಮಗಳಿಗೆ ಎಲ್ಲಾ ಹೇಳಿಕೊಟ್ಟೆ. ಅವಳು ಕೇಳಿದ ಮೊದಲ ಪ್ರಶ್ನೆ, "ನನ್ನ ಹಲ್ಲು ಬಿದ್ದರೂ ಹಾಲಿಗೇ ಹಾಕಬೇಕಾ?" ಅವಳ ಮೇಲಿನ ಹಲ್ಲು ಸ್ವಲ್ಪ ಮುಂದೆ ಇವೆ, ಚಿಕ್ಕವಳಿದ್ದಾಗ ಹೆಬ್ಬೆರಳು ಚೀಪುತ್ತಿದ್ದಳು. ಇಷ್ಟು ದಿನ ತಮ್ಮನನ್ನೇ ನೋಡುತ್ತಿದ್ದೆವು. ಅವಳನ್ನೂ ಈಗಲೇ ತೋರಿಸಬೇಕಾ ಮೇಡಂ, ಎಲ್ಲಾ ಹಾಲುಹಲ್ಲು ಬೀಳುವವರೆಗೆ ಕಾಯಬಹುದಾ?

ಹಲ್ಲಿನ ಡಾಕ್ಟರ್, ತುಮಕೂರು

ಈಗಲೇ ತೋರಿಸಿ. ಉಬ್ಬಿದ ಹಲ್ಲನ್ನು ಚಿಕ್ಕ ವಯಸ್ಸಿನಲ್ಲೇ ಹಿಂದಕ್ಕೆ ತಂದರೆ ಮುಂದೆ ಏಟಾಗುವುದು ಕಡಿಮೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಎಲ್ಲರಿಗೂ ತಂತಿ ಬೇಕು ಅಂತಲ್ಲ, ನೋಡಿ ಹೇಳಬೇಕು. ನಮ್ಮ ತುಮಕೂರಿನ ಅಗಳಕೋಟೆಯ ಡೆಂಟಲ್ ಕಾಲೇಜಿನಲ್ಲಿ ಮಕ್ಕಳ ವಿಭಾಗವೂ ಇದೆ, ಹಲ್ಲು ಜೋಡಿಸುವ ವಿಭಾಗವೂ ಇದೆ. ಮಗನ ಮುಂದಿನ ತಪಾಸಣೆಗೆ ಹೋಗುವ ದಿನವೇ ಅವಳನ್ನೂ ಕರೆದುಕೊಂಡು ಹೋಗಿ, ಮೊದಲು ಅವಳನ್ನೇ ಕುರ್ಚಿಯಲ್ಲಿ ಕೂರಿಸಿ. ಅಕ್ಕ ಬಾಯಿ ತೆರೆದರೆ ತಮ್ಮ ತಾನಾಗಿಯೇ ತೆರೆಯುತ್ತಾನೆ.

ಪಿಟಿ ಮೇಷ್ಟ್ರು, ಗೌರಿಬಿದನೂರು

ಬಿಸಿನೀರಿನಲ್ಲಿ ಅದ್ದಿ ಹಲ್ಲಿಗೆ ಕಚ್ಚಿಸಿ ಅಚ್ಚು ಮಾಡಿಕೊಳ್ಳುವ ಮೌತ್‌ಗಾರ್ಡ್ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಕಬಡ್ಡಿ ತಂಡದ ಮಕ್ಕಳಿಗೆ ತರಿಸಲು ನಮ್ಮ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯಲ್ಲಿ, ಕೇಳಿದ್ದೇನೆ. ಖೋಖೋ ಕಂಬಕ್ಕೆ ಹಳೇ ಟ್ಯೂಬ್ ಸುತ್ತಿಸಿದ್ದೂ ಆಯಿತು. ಡಾಕ್ಟರ್ ಮೇಡಂ ಬರೆದ ಹಲ್ಲು-ಹಾಲಿನ ಭಾಗವನ್ನು ಚಾರ್ಟ್ ಪೇಪರಿನಲ್ಲಿ ಬರೆಸಿ ಬಿಸಿಯೂಟದ ಅಡುಗೆಮನೆ ಬಾಗಿಲಿಗೆ ಹಾಕುತ್ತಿದ್ದೇನೆ. ಯಾರಿಗಾದರೂ ಅದರ ಫೋಟೋ ಬೇಕಿದ್ದರೆ ಇಲ್ಲೇ ಕೇಳಿ, ಹಾಕುತ್ತೇನೆ.